ಪ್ರವಾಹದ ಊರಿನಲ್ಲಿ ನಂಬಿಕೆಯ ಬರ

2015ರ ಡಿಸೆಂಬರ್ 2ರ ಬೆಳಿಗ್ಗೆ ಚೆನ್ನೈನ ಮೈಲಾಪೂರಿನ ಮನೆಗಳಿಗೆ ‘ದಿ ಹಿಂದೂ’ ಬರಲಿಲ್ಲ. ಪ್ರವಾಹದಿಂದಾಗಿ ಮರೈಮಲೈ ನಗರದ ಮುದ್ರಣಾಲಯಕ್ಕೆ ನೌಕರರು ತಲುಪಲಾಗದೆ ಚೆನ್ನೈ ಆವೃತ್ತಿ ಅಚ್ಚೇ ಆಗಲಿಲ್ಲ. 1878ರಲ್ಲಿ ಶುರುವಾದ ಪತ್ರಿಕೆಗೆ ಮಳೆಯಿಂದ ಹೀಗಾದದ್ದು ಅದೇ ಮೊದಲು. ಪೇಪರ್ ಬಾರದಿದ್ದರೂ ಸುದ್ದಿಗೇನೂ ಕೊರತೆಯಿರಲಿಲ್ಲ. ಮಾಮಲ್ಲಪುರಂ ಹತ್ತಿರದ ಮೊಸಳೆ ಉದ್ಯಾನದಿಂದ ಮೊಸಳೆಗಳು ತಪ್ಪಿಸಿಕೊಂಡು ಪ್ರವಾಹದ ನೀರಿಗೆ ಇಳಿದಿವೆ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಉದ್ಯಾನದವರು ಒಂದು ಮೊಸಳೆಯೂ ಹೊರಗೆ ಹೋಗಿಲ್ಲ ಎಂದು ಸಾರಿ ಹೇಳಬೇಕಾಯಿತು. ಮರುದಿನ ಪ್ರಧಾನಿ ವಿಮಾನದಿಂದ ಪ್ರವಾಹ ವೀಕ್ಷಿಸಿದ ಚಿತ್ರವೊಂದನ್ನು ಕೇಂದ್ರ ಸರ್ಕಾರದ ವಾರ್ತಾ ಶಾಖೆಯಾದ ಪಿಐಬಿ ಹಂಚಿತು. ಕಿಟಕಿಯ ಆಚೆಗಿನ ದೃಶ್ಯವನ್ನು ಬೇರೆ ಫೋಟೊದಿಂದ ತಂದು ಅಂಟಿಸಿದ್ದು ಗೊತ್ತಾದ ಮೇಲೆ ಅದನ್ನು ಅಳಿಸಿಹಾಕಿತು. ಮುಳುಗಡೆ ನಿಜವಾಗಿಯೇ ಇತ್ತು, ಸಾವೂ ನಿಜ. ಅಂಥ ಕಣ್ಣೆದುರಿನ ಸತ್ಯಕ್ಕೂ ಒಂದು ಸುಳ್ಳು ಚಿತ್ರ ಬೇಕಾಯಿತಲ್ಲ ಎಂಬುದು ಜನರ ಮನಸ್ಸಿನಲ್ಲಿ ಉಳಿಯಿತು.

ಅದಕ್ಕೂ ಮೊದಲೇ ಇನ್ನೊಂದು ಸಿಟ್ಟು ಮಡುಗಟ್ಟಿತ್ತು. ನವೆಂಬರ್ ತಿಂಗಳಿಡೀ ಚೆನ್ನೈ ನೀರಿನಲ್ಲಿ ನಿಂತಿದ್ದರೂ ದೆಹಲಿಯ ಚಾನೆಲ್‌ಗಳು ಬೇರೆಯೇ ಚರ್ಚೆಗಳಲ್ಲಿ ಮೈಮರೆತಿದ್ದವು ಎಂದು ಇಲ್ಲಿನವರು ಆಗಲೂ ಹೇಳಿದರು, ಈಗಲೂ ಹೇಳುತ್ತಾರೆ. ಈ ದೂರು ಕನ್ನಡಿಗರಿಗೆ ಹೊಸತಲ್ಲ. 2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳು ಕೊಚ್ಚಿಹೋದಾಗ ಉತ್ತರ ಕರ್ನಾಟಕದವರೂ ಇದೇ ಮಾತನ್ನು ಆಡಿದ್ದರು.

ಚೆನ್ನೈ ಮುಳುಗಿದ ಆ ವಾರವೇ ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಾವೇಶ ಶುರುವಾಗಿತ್ತು. ನವೆಂಬರ್ 30ರಿಂದ ಡಿಸೆಂಬರ್ 12ರವರೆಗೆ ಅಲ್ಲಿ ಮಾತುಕತೆ ನಡೆಯುತ್ತಿದ್ದಾಗ ಚೆನ್ನೈನ ಚಿತ್ರಗಳು ಜಗತ್ತಿನ ಪರದೆಗಳ ಮೇಲಿದ್ದವು. ಇದು ಹವಾಮಾನ ಬದಲಾವಣೆಯ ಫಲ ಎಂಬ ವಿವರಣೆ ತಡವಿಲ್ಲದೆ ಹೊರಬಿತ್ತು, ಮತ್ತು ಅದು ಎಲ್ಲರಿಗೂ ಅನುಕೂಲವಾಗಿತ್ತು. ರಾಜ್ಯ ಸರ್ಕಾರ ತಪ್ಪನ್ನು ಆಕಾಶದ ಮೇಲೆ ಹಾಕಬಹುದಿತ್ತು. ದೆಹಲಿ ಅದನ್ನು ಶ್ರೀಮಂತ ದೇಶಗಳ ಹೊಗೆಯ ಮೇಲೆ ಹಾಕಬಹುದಿತ್ತು. ಟಿವಿಯವರಿಗೆ ಒಂದೇ ಸಾಲಿನಲ್ಲಿ ಕಾರಣ ಸಿಕ್ಕಿತ್ತು.

ವಿಜ್ಞಾನಿಗಳು ಮಾತ್ರ ಅಷ್ಟು ಬೇಗ ತೀರ್ಪು ಕೊಡಲಿಲ್ಲ. ಡಚ್ ಹವಾಮಾನ ಸಂಸ್ಥೆಯ ಗೇರ್ಟ್ ಯಾನ್ ವಾನ್ ಓಲ್ಡನ್‌ಬರ್ಗ್, ಆಗ ಆಕ್ಸ್‌ಫರ್ಡ್‌ನಲ್ಲಿದ್ದ ಫ್ರೆಡರಿಕೆ ಓಟೊ, ದೆಹಲಿ ಐಐಟಿಯ ಕೃಷ್ಣ ಅಚ್ಯುತರಾವ್ ಮತ್ತು ಜೊತೆಗಾರರು ಚೆನ್ನೈ ಮಳೆಯನ್ನೇ ಪರೀಕ್ಷೆಗೆ ಒಡ್ಡಿದರು. ಹಳೆಯ ಮಳೆ ದಾಖಲೆಗಳನ್ನು ತೆಗೆದು, ಕಂಪ್ಯೂಟರಿನಲ್ಲಿ ಭೂಮಿ ಬಿಸಿಯಾಗದೆ ಇದ್ದ ಲೋಕವನ್ನೂ ಬಿಸಿಯಾದ ಈ ಲೋಕವನ್ನೂ ಕಟ್ಟಿ, ಇಂಥ ಮಳೆ ಯಾವುದರಲ್ಲಿ ಎಷ್ಟು ಸಲ ಬೀಳುತ್ತದೆ ಎಂದು ಎಣಿಸಿದರು. ಒಂದು ವರ್ಷದ ನಂತರ ಅಮೆರಿಕದ ಹವಾಮಾನ ಸಂಘದ ಪತ್ರಿಕೆಯಲ್ಲಿ ಬಂದ ಅವರ ಫಲಿತಾಂಶ ನೇರವಾಗಿತ್ತು: ಈ ಮಳೆಯಲ್ಲಿ ಭೂತಾಪ ಏರಿಕೆಯ ಪರಿಣಾಮ ಕಾಣಿಸಲಿಲ್ಲ. ಹಸಿರುಮನೆ ಅನಿಲಗಳು ಬಿಸಿ ಮಾಡುವುದನ್ನು ನಮ್ಮದೇ ಗಾಳಿಯಲ್ಲಿರುವ ಮಸಿ, ದೂಳು, ಹೊಗೆಯ ಕಣಗಳು ಇಲ್ಲಿಯವರೆಗೆ ತಡೆದಿರಬಹುದು ಎಂದು ಅವರು ಕಾರಣವನ್ನೂ ಸೂಚಿಸಿದರು. ಅಂದರೆ ನೆಮ್ಮದಿಯಾಗಿ ಕೂರಬೇಕಾದ ಸಂಗತಿಯೇನಲ್ಲ. ಆ ಹೊಗೆ ತಿಳಿಯಾದ ದಿನ ಲೆಕ್ಕ ಬದಲಾಗಬಹುದು.

ಈ ಫಲಿತಾಂಶಕ್ಕೆ ಪ್ರವಾಹದ ದಿನಗಳ ಮುಖಪುಟದಷ್ಟು ಜಾಗ ಸಿಗಲಿಲ್ಲ. ಅನುಮಾನ ಹುಟ್ಟುವುದು ಇಂಥಲ್ಲಿಯೇ. ಯಾಕೆಂದರೆ ಮೈಲಾಪೂರಿನ ಹಳಬರಿಗೆ 1976 ನೆನಪಿದೆ. ಆ ವರ್ಷದ ನವೆಂಬರ್ ಕೊನೆಯಲ್ಲಿ ನುಂಗಂಬಾಕ್ಕಂನ ಮಳೆಮಾಪಕ ಒಂದೇ ದಿನದಲ್ಲಿ 45 ಸೆಂಟಿಮೀಟರ್ ತೋರಿಸಿತ್ತು. 2015ರ ಡಿಸೆಂಬರ್ 1ರ ಮಳೆ ಅದೇ ಮಾಪಕದಲ್ಲಿ 29 ಸೆಂಟಿಮೀಟರ್. ಹೊರವಲಯದ ತಾಂಬರಂನಲ್ಲಿ 49 ಬಿದ್ದಿತ್ತು ಎಂಬುದು ಬೇರೆ ಮಾತು. ಇಡೀ ತಿಂಗಳ ಲೆಕ್ಕ ತೆಗೆದರೂ 2015ರ ನವೆಂಬರಿನ 1,049 ಮಿಲಿಮೀಟರಿಗಿಂತ 1918ರ ನವೆಂಬರಿನ 1,088 ಮಿಲಿಮೀಟರ್ ಹೆಚ್ಚೇ. ‘ಇಂಥದ್ದು ಹಿಂದೆಂದೂ ಆಗಿಲ್ಲ’ ಎಂದು ನಿರೂಪಕ ಕೂಗುವಾಗ, ಆಗಿದ್ದನ್ನು ಕಂಡವರು ರಿಮೋಟ್ ಎತ್ತಿಕೊಳ್ಳುತ್ತಾರೆ. ಅವರನ್ನು ವಿಜ್ಞಾನದ ವಿರೋಧಿಗಳು ಎಂದು ಕರೆಯುವುದು ಅನ್ಯಾಯ. ಈ ಒಂದು ವಿಷಯದಲ್ಲಿ ವಿಜ್ಞಾನಿಗಳ ಲೆಕ್ಕ ಅವರ ನೆನಪಿನ ಪರವಾಗಿಯೇ ಇತ್ತು.

ಹಾಗಾದರೆ ಊರು ಮುಳುಗಿದ್ದು ಯಾಕೆ? ಡಿಸೆಂಬರ್ 1ರ ರಾತ್ರಿ ಚೆಂಬರಂಬಾಕ್ಕಂ ಕೆರೆಯಿಂದ ಅಡ್ಯಾರ್ ನದಿಗೆ 29,000 ಕ್ಯೂಸೆಕ್ ನೀರು ಬಿಟ್ಟರು. 2018ರಲ್ಲಿ ತಮಿಳುನಾಡು ವಿಧಾನಸಭೆಯ ಮುಂದೆ ಬಂದ ಸಿಎಜಿ ವರದಿ ಇದನ್ನು ಮನುಷ್ಯರೇ ಮಾಡಿಕೊಂಡ ಅನಾಹುತ ಎಂದು ಕರೆಯಿತು. ದಕ್ಷಿಣದ ಪಳ್ಳಿಕರಣೈ ಜೌಗು, ಒಂದು ಕಾಲಕ್ಕೆ ಸಾವಿರಾರು ಹೆಕ್ಟೇರ್ ಹರಡಿಕೊಂಡಿದ್ದು, ಐಟಿ ಕಚೇರಿ, ರಸ್ತೆ, ಕಸದ ಗುಡ್ಡೆಗಳ ನಡುವೆ ಕುಗ್ಗಿಹೋಗಿತ್ತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸರ್ ಪಟ್ಟಿಗೆ ಸೇರಿದ್ದು ಉಳಿದದ್ದರಲ್ಲಿ 1,247 ಹೆಕ್ಟೇರ್.

ಇಷ್ಟು ದೂರ ಹೋಗುವುದೂ ಬೇಡ. ಮೈಲಾಪೂರಿನ ಮುಂಡಕಕಣ್ಣಿಯಮ್ಮನ್ ಕೋವಿಲ್ ರೈಲು ನಿಲ್ದಾಣದಲ್ಲಿ ನಿಂತು ಕೆಳಗೆ ಬಗ್ಗಿ ನೋಡಿದರೆ ಸಾಕು. ಬಕಿಂಗ್‌ಹ್ಯಾಮ್ ಕಾಲುವೆಯ ಒಡಲಲ್ಲೇ ಎಂಆರ್‌ಟಿಎಸ್ ರೈಲಿನ ಕಾಂಕ್ರೀಟ್ ಕಂಬಗಳು ಸಾಲಾಗಿ ಊರಿಕೊಂಡಿವೆ. ಕಂಬದ ಬುಡದಲ್ಲಿ ಪ್ಲಾಸ್ಟಿಕ್ ಚೀಲ, ತೆಂಗಿನ ಚಿಪ್ಪು, ಹರಿದ ಬ್ಯಾನರ್ ಸಿಕ್ಕಿಕೊಂಡು ಕಪ್ಪು ನೀರು ಸುತ್ತಿ ಸುತ್ತಿ ಹೋಗುತ್ತದೆ. ಊರಿನ ಮಳೆನೀರನ್ನು ನದಿಗೆ ಒಯ್ಯಬೇಕಾದ ಕಾಲುವೆ ಇದು. ರೈಲಿಗೆ ಜಾಗ ಸುಲಭವಾಗಿ ಸಿಗುತ್ತದೆಂದು ಇದರ ಮೇಲೆಯೇ ಹಳಿ ಹಾಕಿದರು. ಹವಾಮಾನ ಬದಲಾವಣೆ ಎಂಬ ಒಂದೇ ಮಾತಿನಲ್ಲಿ ಸುದ್ದಿ ಮುಗಿಸಿದಾಗ ಈ ಕಂಬಗಳು ಸುದ್ದಿಯಿಂದ ಮರೆಯಾಗುತ್ತವೆ.

ಕಾಲುವೆಯ ಚರಿತ್ರೆಯೂ ಇಲ್ಲಿ ಹೇಳಬೇಕಾದದ್ದೇ. ಅಡ್ಯಾರ್ ಮತ್ತು ಕೂವಂ ನದಿಗಳನ್ನು ಸೇರಿಸುವ ಈ ಭಾಗವನ್ನು ತೋಡಿದ್ದು 1877-78ರಲ್ಲಿ, ಬರ ಪರಿಹಾರದ ಕಾಮಗಾರಿಯಾಗಿ. ಹಸಿದವರು ಕೂಲಿಗೆ ಮಣ್ಣು ಹೊತ್ತರು. ಕನ್ನಡ ನಾಡಿನಲ್ಲಿ ಧಾತು ಸಂವತ್ಸರದ ಬರ ಎಂದು ಅಜ್ಜಿಯರು ಹೇಳುತ್ತಿದ್ದದ್ದು ಇದನ್ನೇ; ಮೈಸೂರು ಸಂಸ್ಥಾನದಲ್ಲಿ ಸತ್ತವರ ಲೆಕ್ಕ ಲಕ್ಷಗಳಲ್ಲಿದೆ. ಮಳೆ ಯಾಕೆ ಕೈಕೊಟ್ಟಿತು ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಭಾರತದ ಹವಾಮಾನ ಇಲಾಖೆಯ ಹೆಗಲಿಗೆ ಬಿತ್ತು. 1904ರಿಂದ 1924ರವರೆಗೆ ಅದರ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರ್ ದೂರದ ಪೆಸಿಫಿಕ್ ಸಾಗರದ ವಾಯುಭಾರಕ್ಕೂ ನಮ್ಮ ಮುಂಗಾರಿಗೂ ಇರುವ ನಂಟನ್ನು ಗುರುತಿಸಿದ. ಇಂದು ಎಲ್ ನಿನೊ ಎಂದು ದಿನಪತ್ರಿಕೆಗಳು ಬರೆಯುವ ವಿದ್ಯಮಾನದ ಅರ್ಧ ಕತೆ ಅವನು ಬಿಡಿಸಿದ್ದು. ಹವಾಮಾನ ವಿಜ್ಞಾನ ಎಂಬುದು ಪಶ್ಚಿಮದವರು ನಮ್ಮ ಮೇಲೆ ಹೇರಿದ್ದು ಎಂಬ ಮಾತು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಕೇಳಿಬರುತ್ತದೆ. ಅದರ ಬೇರುಗಳಲ್ಲಿ ಒಂದು ಈ ನೆಲದ ಹಸಿವಿನಲ್ಲೇ ಇದೆ.

ಭಾರತೀಯರ ಅನುಮಾನ ಅಮೆರಿಕನ್ನರ ಅನುಮಾನದಂಥದ್ದಲ್ಲ. ಅಮೆರಿಕದಲ್ಲಿ ಭೂಮಿ ಬಿಸಿಯಾಗುತ್ತಿದೆ ಎಂಬುದನ್ನೇ ಒಪ್ಪದ ದೊಡ್ಡ ಗುಂಪಿದೆ. ಅದು ಬೆಳೆಯಲು ಪತ್ರಿಕೆಗಳೂ ನೀರೆರೆದವು. 1988ರಿಂದ 2002ರವರೆಗಿನ ಅಲ್ಲಿನ ದೊಡ್ಡ ಪತ್ರಿಕೆಗಳ ವರದಿಗಳನ್ನು ಓದಿ 2004ರಲ್ಲಿ ಬೊಯ್ಕಾಫ್ ಸೋದರರು ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಧಕ್ಕಿಂತ ಹೆಚ್ಚು ವರದಿಗಳು ವಿಜ್ಞಾನಿಗಳ ಒಮ್ಮತಕ್ಕೂ ಅದನ್ನು ಅಲ್ಲಗಳೆಯುವವರಿಗೂ ಹೆಚ್ಚುಕಡಿಮೆ ಸಮಪಾಲು ಜಾಗ ಕೊಟ್ಟಿದ್ದು ಕಂಡುಬಂತು. ನಿಷ್ಪಕ್ಷಪಾತದ ಹೆಸರಿನಲ್ಲಿ ನಡೆದ ಪಕ್ಷಪಾತ ಅದು. ಭಾರತದಲ್ಲಿ ಹಾಗಿಲ್ಲ. ಯೇಲ್ ವಿಶ್ವವಿದ್ಯಾಲಯ ಮತ್ತು ಸಿ-ವೋಟರ್ ನಡೆಸಿ 2022ರಲ್ಲಿ ಹೊರತಂದ ಸಮೀಕ್ಷೆಯಲ್ಲಿ ಶೇ 54ರಷ್ಟು ಜನ ಈ ವಿಷಯ ತಮಗೆ ಸ್ವಲ್ಪವೇ ಗೊತ್ತು ಅಥವಾ ಕೇಳಿಯೇ ಇಲ್ಲ ಎಂದರು. ವಿಷಯವೇನೆಂದು ಎರಡು ಮಾತಿನಲ್ಲಿ ವಿವರಿಸಿದ ಮೇಲೆ ಶೇ 84ರಷ್ಟು ಜನ ಹೌದು, ಭೂಮಿ ಬಿಸಿಯಾಗುತ್ತಿದೆ ಎಂದರು. ಮುಖ್ಯ ಕಾರಣ ಮನುಷ್ಯರೇ ಎಂದವರು ಶೇ 57. 2014ರ ಶಿಕ್ಷಕರ ದಿನದಂದು ಮಕ್ಕಳೊಡನೆ ಮಾತಾಡುತ್ತ ಪ್ರಧಾನಿ ನರೇಂದ್ರ ಮೋದಿ, ಬದಲಾಗಿರುವುದು ಹವಾಮಾನವಲ್ಲ, ನಾವು ಎಂಬರ್ಥದ ಮಾತು ಹೇಳಿದ್ದರು. ಮರುವರ್ಷ ಪ್ಯಾರಿಸ್‌ನಲ್ಲಿ ಅವರೇ ಅಂತರರಾಷ್ಟ್ರೀಯ ಸೌರ ಒಕ್ಕೂಟಕ್ಕೆ ಚಾಲನೆ ಕೊಟ್ಟರು. ಇಲ್ಲಿ ನಿರಾಕರಣೆ ಪಕ್ಷದ ಸಿದ್ಧಾಂತವಾಗಿ ಗಟ್ಟಿಗೊಂಡಿಲ್ಲ ಎಂಬುದು ನಿಜಕ್ಕೂ ಸಮಾಧಾನದ ಸಂಗತಿ.

ನಮ್ಮ ಮಾಧ್ಯಮದ ಓರೆ ಬೇರೆ ಕಡೆಗಿದೆ. ನಾಲ್ಕು ಪ್ರಮುಖ ಇಂಗ್ಲಿಷ್ ಪತ್ರಿಕೆಗಳನ್ನು ಅಭ್ಯಾಸ ಮಾಡಿದ ಸೈಮನ್ ಬಿಲೆಟ್ 2010ರಲ್ಲಿ ಬರೆದದ್ದು ಇದನ್ನೇ: ಭಾರತದ ಪತ್ರಿಕೆಗಳು ವಿಜ್ಞಾನವನ್ನು ಪೂರ್ತಿ ಒಪ್ಪುತ್ತವೆ, ಆದರೆ ಅಪಾಯ ನಮ್ಮದು, ಹೊಣೆ ಶ್ರೀಮಂತ ರಾಷ್ಟ್ರಗಳದು ಎಂಬ ಗೆರೆಯನ್ನು ಎಳೆದುಬಿಡುತ್ತವೆ. ಚರಿತ್ರೆಯ ಲೆಕ್ಕದಲ್ಲಿ ಆ ಹೊಣೆ ಅವರದೇ ಹೆಚ್ಚು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಣೆಯನ್ನೆಲ್ಲ ಹೊರಗೆ ಕಳಿಸಿದ ಮೇಲೆ ಊರಿನ ಇಂಜಿನಿಯರನ್ನು, ಬಿಲ್ಡರನ್ನು, ಶಾಸಕನನ್ನು ಯಾರು ಪ್ರಶ್ನಿಸುತ್ತಾರೆ?

ಇನ್ನೊಂದು ಓರೆ ಅಂಕಿಗಳ ವ್ಯಾಮೋಹ. 2018ರ ಜೂನ್‌ನಲ್ಲಿ ನೀತಿ ಆಯೋಗದ ವರದಿಯೊಂದು 2020ರ ಹೊತ್ತಿಗೆ ಬೆಂಗಳೂರು, ಚೆನ್ನೈ, ಹೈದರಾಬಾದ್, ದೆಹಲಿ ಸೇರಿ 21 ನಗರಗಳಲ್ಲಿ ಅಂತರ್ಜಲ ಬರಿದಾಗುತ್ತದೆ ಎಂದಿತು. ಆ ಅಂಕಿ ದೇಶವನ್ನೇ ಸುತ್ತಿತು, ಕನ್ನಡ ಪತ್ರಿಕೆಗಳಿಗೂ ಬಂತು. 2019ರ ಬೇಸಿಗೆಯಲ್ಲಿ ಚೆನ್ನೈನ ನಾಲ್ಕೂ ಜಲಾಶಯ ಬತ್ತಿದಾಗ ಭವಿಷ್ಯ ನಿಜವಾಯಿತು ಎಂದೇ ತೋರಿತು. ಮೈಲಾಪೂರಿನ ಬೀದಿಗಳಲ್ಲಿ ಹಸಿರು, ನೀಲಿ, ಕೆಂಪು ಪ್ಲಾಸ್ಟಿಕ್ ಕೊಡಗಳು ಟ್ಯಾಂಕರ್ ದಾರಿ ಕಾಯುತ್ತ ಸಾಲುಗಟ್ಟಿದವು. ಜುಲೈ 12ರಂದು ಜೋಲಾರ್‌ಪೇಟೆಯಿಂದ ಸುಮಾರು 25 ಲಕ್ಷ ಲೀಟರ್ ನೀರು ಹೊತ್ತ ಮೊದಲ ರೈಲು ಬಂತು. ಅದರಲ್ಲಿದ್ದದ್ದು ಕಾವೇರಿಯ ನೀರು. ಆದರೆ ‘21 ನಗರ’ ಎಂಬ ಅಂಕಿಯ ಮೂಲ ಹುಡುಕಿಕೊಂಡು ‘ವಾಷಿಂಗ್ಟನ್ ಪೋಸ್ಟ್’ ಅದೇ ಬೇಸಿಗೆಯಲ್ಲಿ ಹೊರಟಾಗ ಅದಕ್ಕೆ ಗಟ್ಟಿಯಾದ ಆಧಾರ ಸಿಗಲಿಲ್ಲ. ಮರುಪೂರಣವಾಗುವುದಕ್ಕಿಂತ ಹೆಚ್ಚು ನೀರೆತ್ತುವ ಜಿಲ್ಲೆಗಳ ಲೆಕ್ಕವೇ ಬರಿದಾಗುವ ನಗರಗಳ ಪಟ್ಟಿಯಾಗಿ ಮಾರ್ಪಟ್ಟಿತ್ತು. 2020 ಬಂತು, ಹೋಯಿತು. ಬೋರ್‌ವೆಲ್‌ಗಳು ಇನ್ನೂ ಆಳಕ್ಕೆ ಇಳಿದವು, ಬರಿದಾಗಲಿಲ್ಲ. ಪಟ್ಟಿ ತಪ್ಪಾಗಿತ್ತು ಎಂದು ಮೊದಲಿನಷ್ಟೇ ದಪ್ಪ ಅಕ್ಷರದಲ್ಲಿ ಯಾರೂ ಅಚ್ಚು ಮಾಡಲಿಲ್ಲ. ತೋಳ ಬಂತು ತೋಳ ಎಂದು ಕೂಗಿದವರನ್ನು ಮುಂದಿನ ಸಲ ಊರು ನಂಬುವುದು ಹೇಗೆ?

ಹಿಮಾಲಯದ ಹಿಮನದಿಗಳು 2035ಕ್ಕೆ ಮಾಯವಾಗುತ್ತವೆ ಎಂಬ ಮಾತೂ ಇದೇ ದಾರಿಯಲ್ಲಿ ಬಂದದ್ದು. ವಿಜ್ಞಾನ ನಿಯತಕಾಲಿಕವೊಂದರ 1999ರ ವರದಿಯಿಂದ ಪರಿಸರ ಸಂಸ್ಥೆಯೊಂದರ ದಾಖಲೆಗೆ, ಅಲ್ಲಿಂದ ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ 2007ರ ವರದಿಗೆ ಅದು ಹತ್ತಿಕೊಂಡಿತು. ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಮ್ ರಮೇಶ್ ಪರಿಸರ ಸಚಿವರಾಗಿದ್ದಾಗ, 2009ರಲ್ಲಿ, ಭೂವಿಜ್ಞಾನಿ ವಿ.ಕೆ. ರೈನಾ ಅದನ್ನು ಪ್ರಶ್ನಿಸುವ ವರದಿ ಬರೆದರು. ಆಗಿನ ಐಪಿಸಿಸಿ ಮುಖ್ಯಸ್ಥ ರಾಜೇಂದ್ರ ಪಚೌರಿ ಆ ವರದಿಯನ್ನು ಮಾಟಮಂತ್ರದ ವಿಜ್ಞಾನ ಎಂದು ಮೂದಲಿಸಿದರು. 2010ರ ಜನವರಿಯಲ್ಲಿ ಐಪಿಸಿಸಿಯೇ ತಪ್ಪು ಒಪ್ಪಿಕೊಂಡಿತು. ತಪ್ಪನ್ನು ಹಿಡಿದವರು, ತಿದ್ದಿಸಿದವರು ವಿಜ್ಞಾನಿಗಳೇ. ಹಿಮ ಕರಗುತ್ತಿರುವುದು ನಿಜ ಎಂದು ಆಮೇಲಿನ ಅಳತೆಗಳು ತೋರಿಸಿದವು. ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಹಗರಣ.

ಮರೀನಾ ಕಡಲ ತೀರದಲ್ಲಿ ಇನ್ನೊಂದು ಬಗೆಯ ಅನುಮಾನ ಹುಟ್ಟುತ್ತದೆ. ಸಮುದ್ರ ಏರುತ್ತಿದ್ದರೆ ಈ ಮರಳು ಯಾಕೆ ಇಷ್ಟು ಅಗಲವಾಗಿದೆ? ಸ್ಯಾನ್‌ಥೋಮ್ ಬಳಿ ಬೆಳೆದವರು ಕೇಳುವ ಈ ಪ್ರಶ್ನೆ ನ್ಯಾಯವಾದದ್ದು, ಮತ್ತು ಉತ್ತರವೂ ಇದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಂದರಿನ ಗೋಡೆಗಳು ಸಮುದ್ರಕ್ಕೆ ಚಾಚಿಕೊಂಡ ಮೇಲೆ ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತಿದ್ದ ಮರಳು ಅಲ್ಲೇ ತಡೆದು ನಿಂತು ಮರೀನಾ ಬೆಳೆಯಿತು. ಆ ಮರಳು ಸಿಗದ ಉತ್ತರದ ರಾಯಪುರಂ, ತಿರುವೊಟ್ರಿಯೂರ್ ತೀರಗಳನ್ನು ಕಡಲು ಕೊರೆಯಿತು. ಜಗತ್ತಿನ ಸರಾಸರಿ ಸಮುದ್ರಮಟ್ಟ 1901ರಿಂದ 2018ರವರೆಗೆ ಸುಮಾರು 20 ಸೆಂಟಿಮೀಟರ್ ಏರಿದೆ. ಮರೀನಾದ ಅಗಲ ಅದನ್ನು ಸುಳ್ಳು ಮಾಡುವುದಿಲ್ಲ, ರಾಯಪುರಂನ ಕೊರೆತವೊಂದೇ ಅದನ್ನು ಸಾಬೀತು ಮಾಡುವುದೂ ಇಲ್ಲ. ಉತ್ತರದಲ್ಲಿ ಮನೆ ಕುಸಿದ ದಿನ ಕ್ಯಾಮೆರಾ ಒಯ್ದು ‘ಸಮುದ್ರ ನುಂಗುತ್ತಿದೆ’ ಎನ್ನುವ ವರದಿಗಾರ ಬಂದರಿನ ಗೋಡೆಯನ್ನು ಒಮ್ಮೆಯಾದರೂ ತೋರಿಸಬೇಕು.

ಹೀಗೆಂದು ಚೆನ್ನೈ ಜನ ಎಲ್ಲವನ್ನೂ ತಳ್ಳಿಹಾಕುವವರಲ್ಲ. 2024ರ ಅಕ್ಟೋಬರಿನಲ್ಲಿ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟಾಗ ವೇಳಚ್ಚೇರಿಯವರು ತಮ್ಮ ಕಾರುಗಳನ್ನು ಒಯ್ದು ಮೇಲ್ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿದರು. 16ರಂದು ಹೇಳಿದಷ್ಟು ಮಳೆ ನಗರಕ್ಕೆ ಬೀಳಲಿಲ್ಲ. ಇಲಾಖೆಯನ್ನು ಆಡಿಕೊಂಡವರೂ ಇದ್ದರು. ಮುನ್ಸೂಚನೆ ಎಂದರೆ ಸಂಭವದ ಲೆಕ್ಕ ಎಂದು ಚಾನೆಲ್‌ಗಳು ಒಂದು ನಿಮಿಷ ವಿವರಿಸಿದ್ದರೆ ಆ ಮಾತುಗಳು ಅಷ್ಟು ಹಬ್ಬುತ್ತಿರಲಿಲ್ಲ. ಸರ್ಕಾರಗಳೂ ಮುನ್ಸೂಚನೆಯನ್ನು ಆಟದ ವಸ್ತುವಾಗಿಸುತ್ತವೆ. 2023ರ ಡಿಸೆಂಬರಿನಲ್ಲಿ ತೂತ್ತುಕುಡಿ ಜಿಲ್ಲೆಯ ಕಾಯಲ್‌ಪಟ್ಟಿನಂನಲ್ಲಿ ಒಂದೇ ದಿನ 95 ಸೆಂಟಿಮೀಟರಿನಷ್ಟು ಮಳೆ ಬಿದ್ದಾಗ, ಮುನ್ಸೂಚನೆ ಸರಿಯಾಗಿ ಸಿಗಲಿಲ್ಲ ಎಂದು ರಾಜ್ಯ ದೂರಿತು. ಮುಂಚೆಯೇ ಹೇಳಲಾಗಿತ್ತು ಎಂದು ಕೇಂದ್ರ ತಿರುಗಿ ಹೇಳಿತು. ಸತ್ತವರ ಎಣಿಕೆ ಮುಗಿಯುವ ಮೊದಲೇ ಹವಾಮಾನ ಇಲಾಖೆ ರಾಜಕೀಯದ ಚೆಂಡಾಗಿತ್ತು.

ನಂಬಿಕೆ ಹೇಗೆ ಹುಟ್ಟುತ್ತದೆ ಎಂಬುದಕ್ಕೂ ಇದೇ ಊರಿನಲ್ಲಿ ಉದಾಹರಣೆ ಇದೆ. ಭೌತವಿಜ್ಞಾನ ಓದಿದ ಶೇಖರ್ ರಾಘವನ್ 1990ರ ದಶಕದಲ್ಲಿ ಮನೆಮನೆಗೆ ಹೋಗಿ ತಾರಸಿಯ ನೀರನ್ನು ಬಾವಿಗೆ ಇಳಿಸಿ ಎಂದು ಹೇಳುತ್ತಿದ್ದರು. ಮೈಲಾಪೂರಿಗೆ ಅಂಟಿಕೊಂಡ ಮಂದವೆಳಿಯಲ್ಲಿ ಅವರ ಮಳೆ ಕೇಂದ್ರವಿದೆ. 2003ರಲ್ಲಿ ಜಯಲಲಿತಾ ಸರ್ಕಾರ ಮಳೆನೀರು ಸಂಗ್ರಹವನ್ನು ರಾಜ್ಯದಾದ್ಯಂತ ಕಡ್ಡಾಯ ಮಾಡಿತು. ನಂತರದ ಒಳ್ಳೆಯ ಮಳೆಗಳಲ್ಲಿ ಜನ ತಮ್ಮ ಹಿತ್ತಲಿನ ಬಾವಿಗೆ ಹಗ್ಗ ಬಿಟ್ಟು ನೀರು ಎಷ್ಟು ಮೇಲೆ ಬಂತೆಂದು ತಾವೇ ಅಳೆದರು. ಯಾರ ಮಾತನ್ನೂ ಕಣ್ಣುಮುಚ್ಚಿ ನಂಬಬೇಕಿರಲಿಲ್ಲ. ಅನುಮಾನವೂ ಹೀಗೆ ಆಧಾರ ಹುಡುಕಬಲ್ಲದು: ಮರೀನಾ ಎದುರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಬಿ.ಜಿ.ಎಲ್. ಸ್ವಾಮಿ ತಮಿಳು ಚರಿತ್ರೆಯ ಪ್ರಚಲಿತ ನಂಬಿಕೆಗಳನ್ನೇ ಪ್ರಶ್ನಿಸಿದವರು. ಆದರೆ ಶಾಸನಗಳನ್ನು ಎದುರಿಗೆ ಹರಡಿಕೊಂಡು ಪ್ರಶ್ನಿಸಿದರು. ಅಂಥ ಅನುಮಾನಕ್ಕೆ ದುಡಿಮೆಯ ಬೆವರು ಇರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಮುಂದಕ್ಕೆ ತಳ್ಳುವ ಅನುಮಾನಕ್ಕೆ ಅದು ಇಲ್ಲ.

ಚೆನ್ನೈ ಮಳೆಯಲ್ಲಿ ಭೂತಾಪದ ಗುರುತು ಕಾಣಲಿಲ್ಲ ಎಂದ ಸಂಶೋಧಕರು ಬೆಳೆಸಿದ ವಿಧಾನವೇ, ಅವರಲ್ಲಿ ಕೆಲವರು ಕಟ್ಟಿದ ಬಳಗವೇ, 2022ರಲ್ಲಿ ಭಾರತ-ಪಾಕಿಸ್ತಾನದ ಬಿಸಿಗಾಳಿಯ ಸಂಭವ ಸುಮಾರು 30 ಪಟ್ಟು ಹೆಚ್ಚಿದೆ ಎಂದದ್ದು. 2024ರ ಜುಲೈ 30ರಂದು ವಯನಾಡಿನ ಗುಡ್ಡ ಕುಸಿಯಲು ಕಾರಣವಾದ ಮಳೆ ಭೂತಾಪದಿಂದ ಸುಮಾರು ಶೇ 10ರಷ್ಟು ಜೋರಾಗಿತ್ತು ಎಂದದ್ದೂ ಅದೇ ಬಳಗ. ಇಲ್ಲ ಎನ್ನಬೇಕಾದಲ್ಲಿ ಇಲ್ಲ ಎಂದವರು ಹೌದು ಎಂದಾಗ ಆ ಮಾತಿಗೆ ತೂಕ ಬರುತ್ತದೆ. ಓದುಗರಿಗೆ ಈ ಎರಡನ್ನೂ ಒಟ್ಟಿಗೆ ತೋರಿಸದೆ ಹೌದು ಎಂದದ್ದನ್ನಷ್ಟೇ ತೋರಿಸುವ ಪತ್ರಿಕೆ, ತನಗೇ ತಿಳಿಯದಂತೆ, ವಿಜ್ಞಾನದ ಮೇಲಿನ ನಂಬಿಕೆಯನ್ನು ಕಡಿಮೆ ಮಾಡುತ್ತಿದೆ.

ಕನ್ನಡದಲ್ಲಿ ನಾಗೇಶ ಹೆಗಡೆಯವರಂಥವರು ದಶಕಗಳಿಂದ ಈ ವಿಷಯವನ್ನು ಸರಳವಾಗಿ, ಆಧಾರ ಕೊಟ್ಟು ಬರೆಯುತ್ತ ಬಂದಿದ್ದಾರೆ. ಅದು ಅಂಕಣದಲ್ಲಿ ನಿಂತುಬಿಡಬಾರದು, ದಿನದ ಸುದ್ದಿಮನೆಗೂ ಬರಬೇಕು. 2018ರಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಮಳೆಯ ರೌದ್ರದ ಬಗ್ಗೆ ಪುಟಗಟ್ಟಲೆ ಬಂತು. ರಸ್ತೆಗೆ, ಮನೆಗೆ ಇಳಿಜಾರು ಕಡಿದದ್ದೂ ಕಾರಣ ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಹೇಳಿದ್ದು ಎಷ್ಟು ಜನರಿಗೆ ನೆನಪಿದೆ? ಮಳೆ ಬಿದ್ದ ದಿನ ಅದೇ ಮಾಪಕದ ಹಳೆಯ ದಾಖಲೆಯನ್ನು ಪಕ್ಕದಲ್ಲಿ ಕೊಡುವುದು ಕಷ್ಟದ ಕೆಲಸವಲ್ಲ. ಅಂಕಿ ಎಲ್ಲಿಂದ ಬಂತೆಂದು ಒಂದು ಸಾಲು ಬರೆಯುವುದೂ ಅಷ್ಟೇ. ತಿಂಗಳುಗಳ ನಂತರ ಅಧ್ಯಯನ ಬಂದಾಗ ಅದನ್ನು ಒಳಪುಟದ ಮೂಲೆಗೆ ಹಾಕದೆ, ಪ್ರವಾಹದ ಸುದ್ದಿ ಬಂದಿದ್ದ ಜಾಗಕ್ಕೇ ತರಬಹುದು. ಬೆಂಗಳೂರಿನ ಪತ್ರಿಕೆಗಳು ಮಹದೇವಪುರದಿಂದಲೇ ಶುರು ಮಾಡಲಿ. 2022ರ ಸೆಪ್ಟೆಂಬರಿನಲ್ಲಿ ಅಲ್ಲಿ ಟೆಕ್ಕಿಗಳು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದ ಚಿತ್ರ ಎಲ್ಲ ಮುಖಪುಟಗಳಲ್ಲೂ ಇತ್ತು. ಆಗ ತೆರವು ಮಾಡುತ್ತೇವೆಂದ ರಾಜಕಾಲುವೆಗಳಲ್ಲಿ ಯಾವುವು ತೆರವಾದವು, ಯಾವುವು ಹಾಗೇ ಉಳಿದವು ಎಂದು ಒಬ್ಬ ವರದಿಗಾರ ಟೇಪು ಹಿಡಿದು ಅಳೆದು ಬಂದು ಬರೆಯಲಿ.